ಮನೆಯ ವಯಸ್ಸು ಸಿಕ್ಕಿದ್ದು ಪಕ್ಕದ ಮನೆಯ ಪತ್ರದಲ್ಲಿ

ನಮ್ಮೂರು ಹಳೇ ಮೈಸೂರು ಸೀಮೆಯ ಸಣ್ಣ ಪಟ್ಟಣ. ನಮ್ಮ ತೊಟ್ಟಿಮನೆಗೆ ನೂರೈವತ್ತು ವರ್ಷ ಅಂತ ದೊಡ್ಡಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು. ತಲೆಬಾಗಿಲ ಮೇಲೆ ‘ಧಾತು ಸಂ॥’ ಅಂತ ಕೆತ್ತಿದೆ, ಧಾತು ಅಂದರೆ 1876, ಮುಗೀತು. ಅರವತ್ತು ವರ್ಷಕ್ಕೆ ಅದೇ ಸಂವತ್ಸರ 1936ರಲ್ಲೂ ಬಂತಲ್ಲ ಅಂದರೆ ನಕ್ಕುಬಿಟ್ಟರು. ಚಿಕ್ಕಪ್ಪನ ಮಗ ನನ್ನ ಪರ ವಹಿಸಿ, 1876ರಲ್ಲಿ ಶುರುವಾದ ಧಾತು-ಈಶ್ವರದ ಬರದಲ್ಲಿ ಯಾರು ಮನೆ ಕಟ್ಟಿಸುತ್ತಾರೆ ಅಂದ. ಆ ವಾದ ನಿಲ್ಲಲ್ಲ. 1876ರ ಮಳೆ ಕೈಕೊಡುವ ಮುಂಚೆಯೇ ಗೃಹಪ್ರವೇಶ ಆಗಿರಬಹುದು.

ಮೊದಲು ಇ.ಸಿ. (ಆಸ್ತಿಯ ಕ್ರಯ, ಅಡಮಾನ ತೋರಿಸುವ ಋಣಭಾರ ಪ್ರಮಾಣಪತ್ರ) ಹಿಂದೆ ಬಿದ್ದೆ. ನೋಂದಣಿ ಇಲಾಖೆಯ ‘ಕಾವೇರಿ’ ಆನ್‌ಲೈನ್‌ನಲ್ಲಿ 2004ರಿಂದ ಈಚಿನದು ಮಾತ್ರ, ಅದಕ್ಕೆ ಹಿಂದಿನದು ಕೈಬರಹದ ಪುಸ್ತಕಗಳಲ್ಲಿ. ‘ನಾನು ತೆಗೆಸಿಕೊಡ್ತೀನಿ ಸಾರ್’ ಅಂದ ಬ್ರೋಕರ್ ಒಬ್ಬ ಮೂರೂವರೆ ಸಾವಿರ ತಿಂದು, ಎರಡು ತಿಂಗಳು ಅಲೆಸಿ, ಕೊನೆಗೆ ನಮೂನೆ 16, ಅಂದರೆ ಯಾವ ವ್ಯವಹಾರವೂ ದಾಖಲಾಗಿಲ್ಲ ಅನ್ನುವ ಇ.ಸಿ., ತಂದುಕೊಟ್ಟ. ನಿಲ್! ಬೇರೇನು ಬರಬೇಕಿತ್ತು? ನಮ್ಮ ಮನೆ ಒಮ್ಮೆಯೂ ಕ್ರಯವಾಗಿಲ್ಲ, ಅಡಮಾನಕ್ಕೂ ಹೋಗಿಲ್ಲ. ರಿಜಿಸ್ಟರಿನಲ್ಲಿ ಅದರ ಸುದ್ದಿಯೇ ಇಲ್ಲ.

ಆದರೆ ಪಕ್ಕದ ಮನೆ ಎರಡು ಮೂರು ಸಲ ಕೈಬದಲಾಗಿದೆ. ಅವರ ಪತ್ರದ ಚಕ್ಕುಬಂದಿಯಲ್ಲಿ (ನಾಲ್ಕು ದಿಕ್ಕಿನ ಗಡಿಯ ವಿವರ) ನಾವಿರಲೇಬೇಕು! ಸಬ್‌ರಿಜಿಸ್ಟ್ರಾರ್ ಕಚೇರಿಯ ಗುಮಾಸ್ತರು ‘ಬೇರೆಯವರ ಪತ್ರ ನಿಮಗ್ಯಾಕ್ರೀ’ ಅಂದರು. ನೋಂದಣಿ ಕಾಯ್ದೆಯ 57ನೇ ಕಲಂ ಪ್ರಕಾರ ಶುಲ್ಕ ಕಟ್ಟಿದ ಯಾರು ಬೇಕಾದರೂ ಸ್ಥಿರಾಸ್ತಿ ಪತ್ರಗಳಿರುವ 1ನೇ ಪುಸ್ತಕ ನೋಡಬಹುದು, ನಕಲೂ ಪಡೆಯಬಹುದು. ಅದನ್ನೇ ಅರ್ಜಿಯಲ್ಲಿ ಬರೆದುಕೊಟ್ಟೆ. ಆಮೇಲೂ ಸುಮಾರು ಅಲೆದಾಟ ಆಯಿತು ಅನ್ನಿ. ಸಿಕ್ಕ ಕ್ರಯಪತ್ರ 1928ರದ್ದಿರಬೇಕು: ‘ಪೂರ್ವಕ್ಕೆ’ ಅಂತ ಬರೆದು, ನಮ್ಮ ಮುತ್ತಜ್ಜನ ಹೆಸರು ಹಾಕಿ, ಮುಂದೆ ‘ಖಾಲಿ ಹಿತ್ತಲು’. ಮನೆಯ ಮಾತೇ ಇಲ್ಲ.

ದೊಡ್ಡಪ್ಪ ಅದಕ್ಕೂ ಒಪ್ಪಲಿಲ್ಲ. ಹಿತ್ತಲು ಬೇರೆ ಮನೆ ಬೇರೆ ಅಂದರು. ಸರಿ, ಬಾಗಿಲಿಗೇ ಕೈಹಾಕಿದೆ. ‘ಸಂ॥’ ಆದಮೇಲೆ ನಾಲ್ಕೈದು ಪದರ ಎನಾಮಲ್ ಪೇಂಟ್ ಕೂತಿತ್ತು. ತೇಗಕ್ಕೆ ಗಾಯವಾಗದ ಹಾಗೆ ಅದನ್ನು ಹೇಗೆ ಎಬ್ಬಿಸಿದೆ ಅನ್ನೋದನ್ನ ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ರಾತ್ರಿ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದಾಗ ಅಕ್ಷರ ಎದ್ದವು: ‘ವೈಶಾಖ ಶು॥ ೩ ಶುಕ್ರವಾರ’. ಅಕ್ಷಯ ತದಿಗೆ! ಲೆಕ್ಕ ಹಾಕಿದೆ. 1936ರಲ್ಲಿ ಅದು ಏಪ್ರಿಲ್ 24, ಶುಕ್ರವಾರವೇ. 1876ರಲ್ಲಿ ಬುಧ-ಗುರುವಾರದಲ್ಲೇ ತದಿಗೆ ಕಳೆದುಹೋಗುತ್ತದೆ. ತಿಥಿ ಇದ್ದು ವಾರ ಇಲ್ಲದ ಕೆತ್ತನೆಯಾಗಿದ್ದರೆ ನನ್ನ ಕೈ ಕಟ್ಟಿಹೋಗುತ್ತಿತ್ತು.

ನಡುವೆ ಹೆಂಚಿನ ಹಿಂದೆ ಹೋಗಿ ಒಂದು ಬೇಸಿಗೆ ಕಳೆದೆ. ಬಾಸೆಲ್ ಮಿಷನ್ ಮುದ್ರೆಯ ಹೆಂಚು ಎಂಟೋ ಹತ್ತೋ ಸಿಕ್ಕವು. ಮಂಗಳೂರಿನ ಆ ಕಾರ್ಖಾನೆ ಶುರುವಾದದ್ದು 1865ರಲ್ಲಿ, ಮೊದಲ ಮಹಾಯುದ್ಧದ ನಂತರ ಕಾಮನ್‌ವೆಲ್ತ್ ಟ್ರಸ್ಟ್ ಪಾಲಾಯಿತು. ಹಾಗಾಗಿ ಆ ಮುದ್ರೆ 1936ಕ್ಕಿಂತ ಹಳೇದು, ದೊಡ್ಡಪ್ಪನ ಕಡೆಗೇ ವಾಲುವ ಸಾಕ್ಷಿ. ಆದರೆ ಹೆಂಚು ಒಂದು ಮಾಡಿನಿಂದ ಇಳಿದು ಇನ್ನೊಂದಕ್ಕೆ ಏರುತ್ತಲೇ ಇರುತ್ತದೆ, ಅದನ್ನು ನೆಚ್ಚಿ ಮನೆಗೆ ವರ್ಷ ಹೇಳಬೇಡಿ.

ಒಟ್ಟು ಏಳು ಸಾವಿರದ ಹತ್ತಿರ ಖರ್ಚು, ಅರ್ಧ ಆ ಬ್ರೋಕರಿಗೇ. ದೊಡ್ಡಪ್ಪ ಈಗ ‘ಬಾಗಿಲು ಆಮೇಲೆ ಇಟ್ಟಿದ್ದು ಕಣೋ, ಅಡುಗೆಮನೆ ಹಳೇದು’ ಅನ್ನುತ್ತಿದ್ದಾರೆ. ನಮ್ಮ ಹಿಂಬದಿಯ ಮನೆಯವರ ಪತ್ರಕ್ಕೂ ಅರ್ಜಿ ಹಾಕಿದ್ದೇನೆ.