ಹೊಸ ಕ್ಯಾಮೆರಾ ಬಿಡುಗಡೆಯಾಗಿದೆ, ಅಂಗಡಿಯಲ್ಲಿ ಮಾತ್ರ ಇಲ್ಲ: ಕಾಯುವುದು ಹೇಗೆ?

ಹುಬ್ಬಳ್ಳಿ ಪೇಟೆಯ ಒಂದು ಕ್ಯಾಮೆರಾ ಅಂಗಡಿಯಲ್ಲಿ ಉದ್ದನೆಯ ರಿಜಿಸ್ಟರ್ ಇತ್ತು. ಹೊಸ ಮಾಡೆಲ್ ಬೇಕು ಅಂದವರ ಹೆಸರು, ಫೋನ್ ನಂಬರು, ಕೊಟ್ಟ ಅಡ್ವಾನ್ಸು ಎಲ್ಲ ಅದರಲ್ಲಿ. ಒಂದು ದೀಪಾವಳಿಗೆ ಆ ಪಟ್ಟಿಯಲ್ಲಿ ನಾನು 7ನೆಯವನು. ಸಂಕ್ರಾಂತಿಗೆ ಹೋಗಿ ನೋಡಿದರೆ ಆಗಲೂ 7ನೆಯವನೇ. ಕೌಂಟರಿನ ಹುಡುಗ ಪುಸ್ತಕ ಮುಚ್ಚಿ, "ಬರ್ತೈತ್ರಿ ಸರ, ಮುಂದಿನ ವಾರ ಪಕ್ಕಾ" ಅಂದ. ಆ ಮಾತನ್ನು ಅಷ್ಟರಲ್ಲಿ ಹತ್ತು ಸಲವಾದರೂ ಕೇಳಿದ್ದೆ.

ಎರಡು ಮೂರು ಲಕ್ಷದ ಕ್ಯಾಮೆರಾ ಬಿಡುಗಡೆಯಾದ ದಿನವೇ ಯೂಟ್ಯೂಬಿನವರ ಕೈಯಲ್ಲೆಲ್ಲ ಇರುತ್ತದೆ. ನಮ್ಮ ಕೈಗೆ ಬರುವುದು ಯಾವಾಗಲೋ. ಈ ನಡುವಿನ ತಿಂಗಳುಗಳಲ್ಲಿ ಜನ ಮಾಡಿಕೊಳ್ಳುವ ತಪ್ಪುಗಳಲ್ಲಿ ಮುಕ್ಕಾಲು ಪಾಲು ನಾನೂ ಮಾಡಿದ್ದೇನೆ, ಹಾಗಾಗಿ ಸ್ವಲ್ಪ ಹೇಳಬಹುದು ಅನಿಸಿತು.

ಮೊದಲು: ಯಾಕೆ ಬರುತ್ತಿಲ್ಲ ಅಂತ ತಿಳಿದುಕೊಳ್ಳಿ

ಅಂಗಡಿಯವರನ್ನು ಬೈಯುವ ಮೊದಲು ಇದನ್ನು ಮಾಡಿ. ಕೊರತೆಯಲ್ಲಿ ಎರಡು ಥರ ಇದೆ. ಒಂದು, ಕಂಪನಿ ಅಂದುಕೊಂಡಿದ್ದಕ್ಕಿಂತ ಜಾಸ್ತಿ ಜನ ಮುಗಿಬೀಳುವುದು. 2020ರ ಜುಲೈನಲ್ಲಿ ಕ್ಯಾನನ್ ಆರ್5 ಬಂದಾಗ, 2021ರ ಅಕ್ಟೋಬರಿನಲ್ಲಿ ನಿಕಾನ್ ಝಡ್9 ಬಂದಾಗ, 2024ರ ಫೆಬ್ರುವರಿಯಲ್ಲಿ ಫ್ಯೂಜಿಫಿಲ್ಮ್ ಎಕ್ಸ್100-6 ಬಂದಾಗ ಆಗಿದ್ದು ಇದೇ. ಮೂರೂ ಕಂಪನಿಗಳು ತಡವಾಗಿದ್ದಕ್ಕೆ ಬಹಿರಂಗವಾಗಿ ಕ್ಷಮೆ ಕೇಳಿದವು. ಇಂಥ ಕೊರತೆ ಮೆಲ್ಲಗೆ ಕರಗುತ್ತದೆ, ಕಾದರೆ ಸಿಗುತ್ತದೆ.

ಎರಡನೆಯದು ಕಾರ್ಖಾನೆಯ ಕಡೆಯ ತೊಂದರೆ. ಇದು ಯಾವಾಗ ಸರಿಹೋಗುತ್ತದೆ ಅಂತ ಲೆಕ್ಕವೇ ಸಿಗುವುದಿಲ್ಲ. 2011ರ ಅಕ್ಟೋಬರಿನಲ್ಲಿ ಥಾಯ್ಲೆಂಡಿನ ಅಯುತ್ತಯದಲ್ಲಿ ಪ್ರವಾಹ ಬಂದು ನಿಕಾನ್ ಮತ್ತು ಸೋನಿ ಎರಡರ ಕಾರ್ಖಾನೆಗಳಿಗೂ ನೀರು ನುಗ್ಗಿತು. 2016ರ ಏಪ್ರಿಲ್‌ನಲ್ಲಿ ಜಪಾನಿನ ಕುಮಾಮೊಟೊದಲ್ಲಿ ಭೂಕಂಪವಾಯಿತು, ಅಲ್ಲಿದ್ದ ಸೋನಿಯ ಸೆನ್ಸರ್ (ಬೆಳಕನ್ನು ಹಿಡಿದು ಚಿತ್ರ ಮಾಡುವ ಚಿಪ್) ಕಾರ್ಖಾನೆ ನಿಂತಿತು. ಸೋನಿ ಸೆನ್ಸರ್ ಬೇರೆ ಕಂಪನಿಗಳ ಕ್ಯಾಮೆರಾದಲ್ಲೂ ಇರುವುದರಿಂದ ಪೆಟ್ಟು ಎಲ್ಲರಿಗೂ ಬಿತ್ತು. ಕೊರೊನಾ ಕಾಲದ ಚಿಪ್ ಬರಗಾಲ ನೆನಪಿರಬೇಕಲ್ವಾ? 2021ರ ಕೊನೆಗೆ ಸೋನಿ ಕೆಲವು ಮಾಡೆಲ್‌ಗಳ ಆರ್ಡರ್ ತೆಗೆದುಕೊಳ್ಳುವುದನ್ನೇ ನಿಲ್ಲಿಸಿತ್ತು.

ಇನ್ನೂ ಒಂದು ಮಾತು. ಘೋಷಣೆಯಾಗಿದ್ದೆಲ್ಲ ಬಂದೇ ಬಿಡುತ್ತದೆ ಅಂತಲೂ ಇಲ್ಲ. ನಿಕಾನ್ 2016ರ ಫೆಬ್ರುವರಿಯಲ್ಲಿ ಡಿಎಲ್ ಅನ್ನುವ ಮೂರು ಕ್ಯಾಮೆರಾ ತೋರಿಸಿತು, ಮರುವರ್ಷ ಫೆಬ್ರುವರಿಯಲ್ಲಿ ಒಂದನ್ನೂ ಮಾರದೆ ಕೈಬಿಟ್ಟಿತು. ಕಾದವರು ಕಾದೇ ಉಳಿದರು.

ಹಾಗಾಗಿ ಸುದ್ದಿ ಓದುವಾಗ "ಬೇಡಿಕೆ ಜಾಸ್ತಿ" ಅಂತಿದೆಯೋ, "ಬಿಡಿಭಾಗದ ಕೊರತೆ" ಅಂತಿದೆಯೋ ನೋಡಿ. ಮೊದಲನೆಯದಾದರೆ ಪಾಳಿಯಲ್ಲಿ ನಿಲ್ಲಿ. ಎರಡನೆಯದಾದರೆ ಬೇರೆ ದಾರಿಯನ್ನೂ ಹುಡುಕಿಟ್ಟುಕೊಳ್ಳಿ.

ನಿಮ್ಮ ಕೆಲಸದ ತಾರೀಖು ಬರೆಯಿರಿ

ಕ್ಯಾಮೆರಾ ಯಾವಾಗ ಬರುತ್ತದೆ ಅನ್ನುವುದು ನಿಮ್ಮ ಕೈಯಲ್ಲಿಲ್ಲ. ನಿಮಗೆ ಯಾವಾಗ ಬೇಕು ಅನ್ನುವುದು ಮಾತ್ರ ಗೊತ್ತಿದೆ. ಗೋಡೆಯ ಮೇಲಿನ ಪಂಚಾಂಗದ ಕ್ಯಾಲೆಂಡರ್ ಇಳಿಸಿಕೊಂಡು ಕೂರಿ. ಮದುವೆ ಫೋಟೋಗ್ರಾಫರ್ ಆದರೆ ತುಳಸಿ ಲಗ್ನದ ನಂತರದ ಮುಹೂರ್ತಗಳು ಯಾವಾಗಿನಿಂದ, ಧನುರ್ಮಾಸದಲ್ಲಿ ಎಷ್ಟು ದಿನ ಖಾಲಿ, ಆಷಾಢ ಎಂದಿನಿಂದ, ಎಲ್ಲ ಗುರುತು ಹಾಕಿ. ಆಷಾಢದ ಹಿಂದಿನ ದಿನ ಕ್ಯಾಮೆರಾ ಬಂದರೆ ಅದು ಕಪಾಟಿನಲ್ಲಿ ಕೂತು ಹಳೆಯದಾಗುತ್ತದೆ ಅಷ್ಟೇ.

ಹಕ್ಕಿ ಹುಚ್ಚಿನವರಿಗೆ ಗದಗ ಜಿಲ್ಲೆಯ ಮಾಗಡಿ ಕೆರೆಯೇ ಕ್ಯಾಲೆಂಡರ್. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ನವೆಂಬರ್ ಸುಮಾರಿಗೆ ಇಳಿಯುತ್ತವೆ, ಬಿಸಿಲು ಏರುವ ಹೊತ್ತಿಗೆ ಹೊರಟುಬಿಡುತ್ತವೆ. ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ 2024ರಲ್ಲಿ ಸೇರಿದ ಕೆರೆ ಅದು. ನನ್ನ ಇಡೀ ಕಾಯುವಿಕೆ ಆ ಹಕ್ಕಿಗಳಿಗಾಗಿಯೇ ಇತ್ತು. ರಾಣೆಬೆನ್ನೂರಿನ ಕೃಷ್ಣಮೃಗ ವರ್ಷವಿಡೀ ಇರುತ್ತದೆ, ಅದಕ್ಕಾಗಿ ಯಾರೂ ಅವಸರ ಮಾಡಬೇಕಿಲ್ಲ.

ಕೆಲಸದ ತಾರೀಖಿಗೆ ಒಂದು ತಿಂಗಳು ಮುಂಚೆ ಒಂದು ಗೆರೆ ಎಳೆಯಿರಿ. ಅಷ್ಟರಲ್ಲಿ ಬರದಿದ್ದರೆ ಬಾಡಿಗೆಗೆ ತರುವುದು, ಇಲ್ಲ ಹಿಂದಿನ ಮಾಡೆಲ್ ಕೊಳ್ಳುವುದು ಅಂತ ಇವತ್ತೇ ತೀರ್ಮಾನ ಮಾಡಿ. ಆಮೇಲೆ ಮನಸ್ಸು ಒಪ್ಪುವುದಿಲ್ಲ. "ಇನ್ನೊಂದು ವಾರ ನೋಡೋಣ" ಅಂತಲೇ ಸೀಜನ್ ಮುಗಿಯುತ್ತದೆ.

ಬುಕಿಂಗ್: ಬಾಯಿಮಾತಿಗೆ ದುಡ್ಡು ಕೊಡಬೇಡಿ

ನಾನು ಕೊಟ್ಟಿದ್ದೆ. 20,000 ರೂಪಾಯಿ, ಫೋನಿನಿಂದಲೇ ಕಳಿಸಿದೆ. ಚೀಟಿ ಕೇಳಲು ಸಂಕೋಚವಾಯಿತು, ಪರಿಚಯದವರಲ್ವಾ. ಕೊನೆಗೆ ಬೇಡ ಅಂತ ವಾಪಸ್ ಕೇಳಿದಾಗ ಆರು ವಾರ ಓಡಾಡಿಸಿದರು. ಒಂದು ದಿನ "ಮಾಲಕರು ಊರಾಗಿಲ್ರಿ", ಇನ್ನೊಂದು ದಿನ "ಕಂಪನಿಗೆ ಕಟ್ಟೀವ್ರಿ, ಅಲ್ಲಿಂದ ಬರಬೇಕು". ದುಡ್ಡೇನೋ ಬಂತು, ಆದರೆ ಆ ಅಂಗಡಿಯ ಮುಂದೆ ಹಾದುಹೋಗುವಾಗ ಈಗಲೂ ಮುಖ ಆ ಕಡೆ ತಿರುಗಿಸುತ್ತೇನೆ.

ಅಡ್ವಾನ್ಸ್ ಕೊಡುವಾಗ ರಸೀದಿಯಲ್ಲಿ ಇವಿಷ್ಟು ಬರೆಸಿಕೊಳ್ಳಿ: ಮಾಡೆಲಿನ ಪೂರ್ತಿ ಹೆಸರು, ಬರೀ ಬಾಡಿಯೋ ಲೆನ್ಸ್ ಸಮೇತ ಕಿಟ್ಟೋ, ಪಾಳಿಯಲ್ಲಿ ನಿಮ್ಮ ನಂಬರ್, ಬೆಲೆ ಏರಿದರೆ ಹಳೆಯ ಬೆಲೆಯೋ ಹೊಸದೋ, ಮತ್ತು ಬೇಡವೆಂದರೆ ಎಷ್ಟು ದಿನದಲ್ಲಿ ದುಡ್ಡು ವಾಪಸ್. ಕೊನೆಯದನ್ನು ಬರೆದುಕೊಡಲು ಯಾರಾದರೂ ಗೊಣಗಿದರೆ ಅಲ್ಲಿ ದುಡ್ಡು ಕೊಡಬೇಡಿ. ರಸೀದಿ ಇದ್ದೂ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ಒಂದೇ ಅಂಗಡಿಯನ್ನು ನಂಬಿ ಕೂರುವುದೂ ಬೇಡ. ದೊಡ್ಡ ಊರಿನ ಅಂಗಡಿಗಳಿಗೆ ನಾಲ್ಕು ಪೀಸ್ ಬಂದರೆ ನಮ್ಮ ಕಡೆ ಒಂದು ಬರುತ್ತದೆ, ನಾನು ನೋಡಿದ ಹಾಗೆ. ಹುಬ್ಬಳ್ಳಿಯಲ್ಲಿ ಅಡ್ವಾನ್ಸ್ ಕೊಟ್ಟು, ಬೆಂಗಳೂರಿನ ಒಂದೆರಡು ಕಡೆ ದುಡ್ಡು ಕೊಡದೆ ಸುಮ್ನೆ ಹೆಸರು ಬರೆಸಿ. ಯಾರೋ ಬೇಡ ಅಂದಾಗ ಅಲ್ಲಿಂದ ಫೋನ್ ಬರುತ್ತದೆ, ಆದರೆ ಅವರು ಸಂಜೆವರೆಗೆ ಮಾತ್ರ ಕಾಯುತ್ತಾರೆ. ಅದಕ್ಕೆ ದುಡ್ಡು ಕೈಗೆ ಸಿಗುವ ಕಡೆ ಇರಲಿ. ನನಗೆ ಅಂಥ ಒಂದು ಫೋನ್ ಬಂದಿದ್ದು ಭಾನುವಾರ, ನನ್ನ ದುಡ್ಡು ಇದ್ದಿದ್ದು ಎಫ್‌ಡಿಯಲ್ಲಿ.

ಅಂಗಡಿಗೆ ದಿನಾ ಫೋನ್ ಮಾಡಬೇಡಿ, ಎತ್ತುವುದನ್ನೇ ಬಿಡುತ್ತಾರೆ. ವಾರಕ್ಕೊಂದು ಸಲ, ಬೆಳಿಗ್ಗೆ ಗಿರಾಕಿ ಕಡಿಮೆ ಇದ್ದಾಗ ಹೋಗಿ, ಕೌಂಟರಿನ ಹುಡುಗನ ಜೊತೆ ಒಂದು ಚಹಾ ಕುಡಿಯಿರಿ. ಮಾಲು ಬಂದಿದ್ದು ಮಾಲಕರಿಗಿಂತ ಮೊದಲು ಅವನಿಗೆ ಗೊತ್ತಾಗುತ್ತದೆ. ಬರೀ ಬಾಡಿ ಇಲ್ಲ ಅಂದರೆ ಕಿಟ್ ಇದೆಯಾ ಅಂತ ಕೇಳಿ, ಕೆಲವು ಸಲ ಅದು ಬೇಗ ಬರುತ್ತದೆ.

"ಸ್ಟಾಕ್ ಇದೆ" ಅನ್ನುವ ಜಾಹೀರಾತು

ಊರೆಲ್ಲ ಇಲ್ಲದ ಕ್ಯಾಮೆರಾ ಫೇಸ್‌ಬುಕ್ಕಿನ ಒಂದು ಪೇಜಿನಲ್ಲಿ ಮಾತ್ರ ಇದೆ, ಅದೂ 40 ಸಾವಿರ ಕಡಿಮೆಗೆ. ಮುಟ್ಟಬೇಡಿ. ಈಗಾಗಲೇ ಕಳಿಸಿಬಿಟ್ಟಿದ್ದರೆ ನಾಚಿಕೆ ಪಡುತ್ತಾ ಕೂರದೆ ತಕ್ಷಣ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ. ಬೇಗ ಹೇಳಿದಷ್ಟೂ ದುಡ್ಡನ್ನು ಬ್ಯಾಂಕಿನಲ್ಲೇ ತಡೆಯುವ ಸಾಧ್ಯತೆ ಜಾಸ್ತಿ.

ತಮ್ಮ ದುಬೈನಲ್ಲಿದ್ದಾನೆ, ತರಿಸಲೇ?

ತರಿಸಬಹುದು, ಆದರೆ ಮೂರು ಲೆಕ್ಕ ಹಾಕಿ. ಬಾಡಿಯ ವಾರಂಟಿ ಸಾಮಾನ್ಯವಾಗಿ ಕೊಂಡ ದೇಶಕ್ಕೆ ಸೇರಿದ್ದು, ಇಲ್ಲಿ ಕೆಟ್ಟರೆ ರಿಪೇರಿ ಖರ್ಚು ನಿಮ್ಮದೇ. ವಿಮಾನ ನಿಲ್ದಾಣದಲ್ಲಿ ಸುಂಕವಿಲ್ಲದೆ ತರುವ ಮಿತಿಗಿಂತ ಇಂಥ ಕ್ಯಾಮೆರಾದ ಬೆಲೆ ಎಷ್ಟೋ ಮೇಲೆ, ಅಲ್ಲಿ ಘೋಷಿಸಿ ಸುಂಕ ಕಟ್ಟಬೇಕು. ಬಾಕ್ಸ್ ಬಿಸಾಕಿ ಕೊರಳಿಗೆ ಹಾಕಿಕೊಂಡು ಬಾ ಅಂತ ತಮ್ಮನಿಗೆ ಹೇಳುವವರಿದ್ದಾರೆ, ಸಿಕ್ಕಿಬಿದ್ದರೆ ದಂಡ ಕಟ್ಟುವವನು ಅವನು.

ಮೂರನೆಯದು ಬಿಲ್ಲು. ಕ್ಯಾಮೆರಾದ ಮೇಲಿನ ಜಿಎಸ್‌ಟಿ 2019ರ ಜನವರಿಯಲ್ಲಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ತೆರಿಗೆ ಸೇರಿ 3 ಲಕ್ಷದ ಬಿಲ್ಲಿನಲ್ಲಿ ಸುಮಾರು 45,760 ರೂಪಾಯಿ ತೆರಿಗೆಯೇ. ನಿಮ್ಮ ಸ್ಟುಡಿಯೋ ಜಿಎಸ್‌ಟಿಯಲ್ಲಿ ನೋಂದಣಿಯಾಗಿದ್ದರೆ, ಬಿಲ್ಲಿನಲ್ಲಿ ನಿಮ್ಮ ನಂಬರ್ ಹಾಕಿಸಿದರೆ, ಅದನ್ನು ನೀವು ಕಟ್ಟಬೇಕಾದ ತೆರಿಗೆಗೆ ಹೊಂದಿಸಿಕೊಳ್ಳಬಹುದು. ದುಬೈ ಅಂಗಡಿಯ ಬಿಲ್ಲಿನಲ್ಲಿ ಇದು ಸಿಗುವುದಿಲ್ಲ.

ಹಳೆಯ ಕ್ಯಾಮೆರಾ ಮಾರಬೇಡಿ

ಇದನ್ನು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ. ಹೊಸದು ಬಂದ ಮೇಲೆ ಹಳೆಯದರ ಬೆಲೆ ಬೀಳುತ್ತದೆ ಅಂತ ಯಾರೋ ಹೇಳಿದರು, ನಾನು ಬುಕ್ ಮಾಡಿದ ವಾರವೇ ನನ್ನ ಹಳೆಯ ಬಾಡಿಯನ್ನು ಹಾವೇರಿಯ ಹುಡುಗನೊಬ್ಬನಿಗೆ ಕೊಟ್ಟುಬಿಟ್ಟೆ. ಎಂಟು ಹತ್ತು ಸಾವಿರ ಉಳಿಸಿದೆ ಅಂತ ಮನೆಯಲ್ಲಿ ಹೇಳಿಕೊಂಡೂ ಆಯಿತು. ಆಮೇಲೆ ಸೀಜನ್ ಶುರುವಾಯಿತು. ಒಂದೊಂದು ಮದುವೆಗೂ ಎರಡು ದಿನದ ಬಾಡಿಗೆ, ಅರಿಶಿನಕ್ಕೆ ಒಂದು, ಅಕ್ಕಿಕಾಳಿಗೆ ಒಂದು. ನಾಲ್ಕು ಮದುವೆಗೆ ಉಳಿತಾಯವೆಲ್ಲ ಹೋಗಿ ಮೇಲೆ ಕೈಯಿಂದಲೂ ಹೋಯಿತು. ಬಾಡಿಗೆ ಕ್ಯಾಮೆರಾದ ಗುಂಡಿಗಳು ಬೆರಳಿಗೆ ಹೊಂದುವುದಿಲ್ಲ. ಧಾರವಾಡದ ಒಂದು ಮದುವೆಯಲ್ಲಿ ಅಕ್ಕಿಕಾಳು ಬೀಳುವ ಹೊತ್ತಿಗೆ ಕ್ಯಾಮೆರಾದ ಬೆಳಕಿನ ಸೂಕ್ಷ್ಮತೆ ಹೆಚ್ಚುಕಡಿಮೆ ಮಾಡುವ ಐಎಸ್‌ಒ ಗುಂಡಿ ಹುಡುಕುತ್ತಾ ನಿಂತಿದ್ದೆ. ಅಕ್ಕಿಕಾಳು ನೆಲಕ್ಕೆ ಬಿದ್ದ ಮೇಲಿನ ಫೋಟೋಗಳು ಚೆನ್ನಾಗಿ ಬಂದಿವೆ.

ಮಾಗಡಿಗೂ ಆ ವರ್ಷ ಗೆಳೆಯನ ಹಳೆಯ ಕ್ಯಾಮೆರಾ ಹಿಡಿದೇ ಹೋದೆ. ಬೆಳಗಿನ ಜಾವ, ರಾತ್ರಿ ಹೊಲಗಳಲ್ಲಿ ಮೇಯ್ದ ಹೆಬ್ಬಾತುಗಳು ಸಾಲುಸಾಲಾಗಿ ಕೆರೆಗೆ ಮರಳುವ ಹೊತ್ತು. ಮೊದಲು ಸದ್ದು ಕೇಳುತ್ತದೆ, ಆಮೇಲೆ ಮಂಜಿನಲ್ಲಿ ಗೆರೆ ಕಾಣುತ್ತದೆ. ನೂರು ಹೊಡೆದರೆ ಆರು ಫೋಕಸ್ ಆದವು. ಆ ಆರರಲ್ಲಿ ಒಂದು ಈಗಲೂ ನನ್ನ ಅಂಗಡಿಯ ಗೋಡೆಯ ಮೇಲಿದೆ, ಯಾವ ಕ್ಯಾಮೆರಾ ಅಂತ ಇಲ್ಲಿಯವರೆಗೆ ಯಾರೂ ಕೇಳಿಲ್ಲ.

ಕಾಯುವಾಗ ಮಾಡಬಹುದಾದ ಕೆಲಸ

ಕಂಪ್ಯೂಟರ್ ನೋಡಿಕೊಳ್ಳಿ. 45 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ರಾ ಫೈಲ್ (ಸಂಸ್ಕರಿಸದ ಮೂಲ ಫೋಟೋ) ಸುಮಾರು 45ರಿಂದ 50 ಎಂಬಿ. ಒಂದು ಮದುವೆಗೆ 2,000 ಫೋಟೋ ಅಂದರೆ 90ರಿಂದ 100 ಜಿಬಿ, ಬ್ಯಾಕಪ್ ಸೇರಿ ಎರಡರಷ್ಟು. ಹಳೆಯ ಫೋಟೋಶಾಪ್‌ನಲ್ಲಿ ಹೊಸ ಕ್ಯಾಮೆರಾದ ರಾ ಫೈಲ್ ತೆರೆಯುವುದೇ ಇಲ್ಲ. ನಿಮ್ಮ ಆಲ್ಬಮ್ ಡಿಸೈನರ್ ಯಾವ ವರ್ಷದ ಸಾಫ್ಟ್‌ವೇರ್ ಇಟ್ಟುಕೊಂಡಿದ್ದಾನೆ ಅಂತ ಈಗಲೇ ಕೇಳಿ.

ಮೆಮೊರಿ ಕಾರ್ಡು ಕೊಳ್ಳುವಾಗ ಹುಷಾರು. ಸೋನಿಯ ದುಬಾರಿ ಬಾಡಿಗಳಿಗೆ ಸಿಎಫ್ ಎಕ್ಸ್‌ಪ್ರೆಸ್ 'ಎ', ನಿಕಾನ್ ಝಡ್9 ಮತ್ತು ಕ್ಯಾನನ್ ಆರ್5ಗೆ 'ಬಿ'. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಸಾಧ್ಯವಾದರೆ ಅದೇ ಮಾಡೆಲನ್ನು ಒಂದು ದಿನ ಬಾಡಿಗೆಗೆ ತಂದು ನೋಡಿ, ಬಾಡಿಗೆಯವರಿಗೆ ಮೊದಲೇ ಸಿಕ್ಕಿರುವುದುಂಟು. ಒಂದು ದಿನ ಕೈಯಲ್ಲಿ ಹಿಡಿದ ಮೇಲೆ "ಇದಕ್ಕಾ ಇಷ್ಟು ಕಾದೆ" ಅನಿಸಿ ಹೆಸರು ತೆಗೆಸಿದವರನ್ನೂ ನೋಡಿದ್ದೇನೆ. ಇಎಂಐ ಕಾಗದಪತ್ರ ರೆಡಿ ಇರಲಿ, ಕ್ಯಾಮೆರಾ ಕೈಗೆ ಬರುವ ಮುಂಚೆ ಮಾತ್ರ ಸಾಲ ಶುರು ಮಾಡಿಸಬೇಡಿ.

ತಡವಾಗಿ ಸಿಕ್ಕರೆ ಅಷ್ಟು ಬೇಜಾರೂ ಬೇಡ. ನಿಕಾನ್ ಝಡ್8 ಬಂದ 2023ರಲ್ಲೇ, ಮೊದಲ ಕಂತಿನ ಕೆಲವು ಪೀಸುಗಳಲ್ಲಿ ಕೊರಳಪಟ್ಟಿ ಸಿಕ್ಕಿಸುವ ಕೊಂಡಿಯಲ್ಲಿ ದೋಷವಿದೆ, ತಂದರೆ ಉಚಿತವಾಗಿ ಸರಿಮಾಡುತ್ತೇವೆ ಅಂತ ಕಂಪನಿ ಹೇಳಬೇಕಾಯಿತು. ಝಡ್9ರಲ್ಲಿ 8ಕೆ ವಿಡಿಯೋದ ದೊಡ್ಡ ಸೌಲಭ್ಯಗಳು ಬಂದಿದ್ದು 2022ರ ಏಪ್ರಿಲ್‌ನ ಫರ್ಮ್‌ವೇರ್‌ನಲ್ಲಿ, ಅಂದರೆ ಕ್ಯಾಮೆರಾದೊಳಗಿನ ಸಾಫ್ಟ್‌ವೇರಿನ ಹೊಸ ಆವೃತ್ತಿಯಲ್ಲಿ. ಆರು ತಿಂಗಳು ತಡವಾಗಿ ಕೊಂಡವರಿಗೂ ಅದೇ ಸಿಕ್ಕಿತು.

ಬಂದ ದಿನ

ಕೊನೆಗೆ ನನಗೆ ಸಿಕ್ಕಿದ್ದು ಬೇರೆ ಅಂಗಡಿಯಲ್ಲಿ, ಮಾರ್ಚಿನಲ್ಲಿ, ಹೆಬ್ಬಾತುಗಳು ಹೋದ ಮೇಲೆ. ಖುಷಿಯಲ್ಲಿ ಬಾಕ್ಸ್ ಬಗಲಲ್ಲಿಟ್ಟುಕೊಂಡು ಮನೆಗೆ ಓಡಬೇಡಿ. ಸೀಲ್ ಒಡೆಯುವುದರಿಂದಲೇ ಫೋನಿನಲ್ಲಿ ವಿಡಿಯೋ ಮಾಡಿ. ಬಾಡಿಯ ಕೆಳಗಿನ ಸೀರಿಯಲ್ ನಂಬರ್, ಬಾಕ್ಸಿನದು, ವಾರಂಟಿ ಕಾರ್ಡಿನದು, ಬಿಲ್ಲಿನದು, ನಾಲ್ಕೂ ಒಂದೇ ಇರಬೇಕು. ಭಾರತದ ವಾರಂಟಿ ಅಂತ ಬರೆದಿದೆಯಾ ನೋಡಿ.

ಆಮೇಲೆ ಅಲ್ಲೇ ಕೌಂಟರಿನಲ್ಲಿ ಬ್ಯಾಟರಿ ಹಾಕಿ. ಎರಡೂ ಕಾರ್ಡ್ ಜಾಗದಲ್ಲಿ ಒಂದೊಂದು ಫೋಟೋ ಹೊಡೆಯಿರಿ. ಲೆನ್ಸಿಗೆ ಮುಚ್ಚಳ ಹಾಕಿ, ಐಎಸ್‌ಒ ಏರಿಸಿ, ಒಂದು ಸೆಕೆಂಡಿನ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಕಪ್ಪಿನಲ್ಲಿ ಕೆಂಪು, ಬಿಳಿ ಚುಕ್ಕಿಗಳು ತುಂಬ ಇದ್ದರೆ ಅಲ್ಲೇ ಹೇಳಿ. ಬಿಳಿ ಹಾಳೆಯೊಂದನ್ನು ಎಫ್16ರಲ್ಲಿ, ಅಂದರೆ ಲೆನ್ಸಿನ ಕಿಂಡಿ ಕಿರಿದು ಮಾಡಿ ತೆಗೆದರೆ ಸೆನ್ಸರಿನ ಧೂಳು ಕಾಣುತ್ತದೆ. ಹಿಂದೆ ನಿಂತ ಗಿರಾಕಿ "ಎಷ್ಟೊತ್ತರಿ?" ಅಂದರೂ ಕೇಳಿಸಿಕೊಳ್ಳಬೇಡಿ.

ಬಿಲ್ಲು, ರಸೀದಿ, ಕಾರ್ಡ್ ಉಜ್ಜಿದಾಗ ಬಂದ ಸಣ್ಣ ಚೀಟಿ, ಎಲ್ಲದರ ಫೋಟೋ ಅವತ್ತೇ ತೆಗೆದಿಡಿ. ಆ ಚೀಟಿಯ ಅಕ್ಷರ ಹುಬ್ಬಳ್ಳಿ ಬಿಸಿಲಿಗೆ ಒಂದು ಬೇಸಿಗೆಯಲ್ಲಿ ಮಾಸುತ್ತದೆ.