ಓದಿದ್ದು ಪರೀಕ್ಷೆಯಲ್ಲಿ ಕೈಕೊಡದಂತೆ ಓದುವುದು ಹೇಗೆ?

ಮನೆಯಲ್ಲಿ ಸರಾಗವಾಗಿ ಹೇಳಿದ ಉತ್ತರ ಪರೀಕ್ಷೆಯಲ್ಲಿ ನಾಲಿಗೆಯ ತುದಿಗೆ ಬಂದು ನಿಂತುಬಿಡುತ್ತದೆ. ಅದು ಅಳಿಸಿಹೋಗಿಲ್ಲ. ಹೊರಗೆ ಬರುವ ದಾರಿಗೆ ಒತ್ತಡದ ಹಾರ್ಮೋನು ಅಡ್ಡ ನಿಂತಿದೆ, ಅಷ್ಟೆ.

ಗಾಬರಿಯಾದ ಕೂಡಲೇ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳಿಂದ ಅಡ್ರಿನಲಿನ್ ಎಂಬ ಹಾರ್ಮೋನು ನುಗ್ಗುತ್ತದೆ. ಸೆಕೆಂಡುಗಳಲ್ಲಿ ಎದೆ ಡವಗುಟ್ಟಿ, ಅಂಗೈ ಒದ್ದೆಯಾಗುತ್ತದೆ. ಅದೇ ಗ್ರಂಥಿಗಳ ಇನ್ನೊಂದು ಒತ್ತಡದ ಹಾರ್ಮೋನು ಕಾರ್ಟಿಸಾಲ್ ನಿಧಾನಿ, ಅದು ತುದಿ ಮುಟ್ಟಲು 20–30 ನಿಮಿಷ ಬೇಕು. ಮಿದುಳಿನಲ್ಲಿ ನೆನಪು ಕಟ್ಟುವ ಹಿಪೊಕ್ಯಾಂಪಸ್ ಭಾಗದಲ್ಲಿ ಕಾರ್ಟಿಸಾಲನ್ನು ಹಿಡಿದುಕೊಳ್ಳುವ ಗ್ರಾಹಕಗಳು (ರಿಸೆಪ್ಟರ್) ದಟ್ಟವಾಗಿವೆ. ಕಲಿಯುವಾಗಲೋ ಕಲಿತ ಬೆನ್ನಿಗೋ ಹದವಾಗಿ ಏರಿದ ಕಾರ್ಟಿಸಾಲ್ ನೆನಪನ್ನು ಗಟ್ಟಿ ಮಾಡುತ್ತದೆ. ನೆನಪಿಸಿಕೊಳ್ಳುವ ಹೊತ್ತಿಗೆ ಏರಿದರೆ ಅದೇ ತಡೆಯಾಗುತ್ತದೆ.

ಆದ್ದರಿಂದ ಪುಟಗಳನ್ನು ಮತ್ತೆ ಮತ್ತೆ ಓದುವುದನ್ನು ಬಿಡಿ, ನೆನಪಿಸಿಕೊಳ್ಳುವುದನ್ನೇ ಅಭ್ಯಾಸ ಮಾಡಿ. 25 ನಿಮಿಷ ಓದಿ ಪುಸ್ತಕ ಮುಚ್ಚಿ, ಖಾಲಿ ಹಾಳೆಯ ಮೇಲೆ ನೆನಪಿದ್ದಷ್ಟನ್ನೂ ಬರೆಯಿರಿ. ಆಮೇಲೆ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನು ಕೆಂಪು ಶಾಯಿಯಲ್ಲಿ ಸೇರಿಸಿ. ಮರುದಿನ, ಮೂರನೆಯ ದಿನ, ವಾರ ಬಿಟ್ಟು ಮತ್ತೆ ಹೀಗೇ ಮಾಡಿ. ಕೆಂಪು ಕಡಿಮೆಯಾಗುತ್ತಾ ಬರಬೇಕು. 2016ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಹೀಗೆ ನೆನಪಿಸಿಕೊಂಡು ಕಲಿತವರ ನೆನಪು ಒತ್ತಡ ಹೇರಿದ ಮೇಲೂ ಕುಗ್ಗಲಿಲ್ಲ, ಬರೀ ಮರು ಓದಿದವರದು ಕುಗ್ಗಿತು. ನಮ್ಮ ಮಟ್ಟಿಗೆ ಇದಕ್ಕಿಂತ ಒಳ್ಳೆಯ ರಕ್ಷಣೆ ಇಲ್ಲ.

ಒತ್ತಡದಲ್ಲಿ ಮಿದುಳು ಯೋಚನೆ ಬಿಟ್ಟು ರೂಢಿಗೆ ಜಾರುತ್ತದೆ. ಬಾಯಿಪಾಠ ಮಾಡಿದವರು ಪ್ರಶ್ನೆ ಸ್ವಲ್ಪ ತಿರುಚಿದರೂ ಎಡವುವುದು ಇದಕ್ಕೇ. ಒಂದೇ ವಿಷಯವನ್ನು ಮೂರು ಬಗೆಯಲ್ಲಿ ಕೇಳಿಕೊಳ್ಳಿ. ವಾರಕ್ಕೊಮ್ಮೆ ಗಡಿಯಾರ ಇಟ್ಟುಕೊಂಡು, ಅಭ್ಯಾಸವಿಲ್ಲದ ಜಾಗದಲ್ಲಿ ಕೂತು ಬರೆಯಿರಿ. ನಿದ್ದೆ ಕಡಿಯಬೇಡಿ, ಹೊಸ ನೆನಪು ನೆಲೆಯೂರಲು ನಿದ್ದೆ ಬೇಕು.

ಓದನ್ನು ಮುಂದೂಡಿದರೆ ಆ ಕ್ಷಣ ಹಾಯೆನಿಸುತ್ತದೆ. ಆ ಹಾಯೇ ಮುಂದೂಡುವುದನ್ನು ಚಟವಾಗಿಸುತ್ತದೆ, ಭಯ ಮಾತ್ರ ಬೆಳೆಯುತ್ತದೆ. ಹೆಚ್ಚು ಹೆದರಿಸುವ ಪಾಠಕ್ಕೆ ಇವತ್ತೇ ಬರೀ 10 ನಿಮಿಷ ಕೊಡಿ. ವಾರಗಟ್ಟಲೆ ನಿದ್ದೆ, ಊಟ ಸೇರದಿದ್ದರೆ ವೈದ್ಯರನ್ನು ಕಾಣಿ.

ಪರೀಕ್ಷೆಗೆ ಮುಂಚಿನ ಅರ್ಧ ಗಂಟೆ "ಅದು ಓದಿದೆಯಾ, ಇದು ಓದಿದೆಯಾ" ಎನ್ನುವವರಿಂದ ದೂರವಿರಿ. ಆಗ ಹುಟ್ಟಿದ ಗಾಬರಿಯ ಕಾರ್ಟಿಸಾಲ್ ತುದಿ ಮುಟ್ಟುವುದು ಪ್ರಶ್ನೆಪತ್ರಿಕೆ ಕೈಗೆ ಬಂದ ಹೊತ್ತಿಗೇ. 4 ಸೆಕೆಂಡು ಉಸಿರು ಎಳೆದು 6 ಸೆಕೆಂಡು ಬಿಡಿ, ಐದು ನಿಮಿಷ ಹೀಗೇ. ಬಲವಂತವಾಗಿ ಆಳಕ್ಕೆ ಎಳೆದರೆ ತಲೆ ಸುತ್ತುತ್ತದೆ, ಮೆಲ್ಲಗೆ ಸಾಕು. ಉತ್ತರ ಸಿಕ್ಕಿಹಾಕಿಕೊಂಡರೆ ಜಗ್ಗಾಡಬೇಡಿ. ಜಾಗ ಬಿಟ್ಟು, ಗೊತ್ತಿರುವ ಬೇರೆ ಉತ್ತರ ಬರೆದು ಆಮೇಲೆ ಮರಳಿ ಬನ್ನಿ.