ಹವಳದ್ವೀಪದಲ್ಲಿ ನಮ್ಮ ಅಡುಗೆ: ಮಾಲ್ಡೀವ್ಸ್‌ನಲ್ಲಿ ನಾನು ಕಂಡುಕೊಂಡ ದಾರಿ

ತರಕಾರಿ ದೋಣಿ ರಾಜಧಾನಿ ಮಾಲೆಯಿಂದ ಯಾವ ದಿನ ಬರುತ್ತದೆ ಅಂತ ಅಂಗಡಿಯವರನ್ನು ಕೇಳಿ ಇಟ್ಟುಕೊಳ್ಳಿ. ಮಾಲ್ಡೀವ್ಸ್‌ನ ದ್ವೀಪಶಾಲೆಗಳಿಗೆ ಕೆಲಸಕ್ಕೆ ಬರುವ ನಮ್ಮ ಕಡೆಯವರಿಗೆ ನಾನು ಮೊದಲು ಹೇಳುವ ಮಾತು ಇದೇ. ದೋಣಿ ಬಂದ ಸಂಜೆ ಅಂಗಡಿಯಲ್ಲಿ ಬೀನ್ಸ್, ಟೊಮೆಟೊ, ಕ್ಯಾರೆಟ್ ಎಲ್ಲ ಇರುತ್ತವೆ. ಮಾರನೆಯ ದಿನಕ್ಕೆ ಉಳಿಯುವುದು ಈರುಳ್ಳಿ, ಬಟಾಟೆ ಮಾತ್ರ.

ನಾನಿರುವುದು ಉತ್ತರದ ಹಾ ಧಾಲು ಅಟಾಲ್‌ನಲ್ಲಿ, ಅಂದರೆ ಹವಳದ್ವೀಪಗಳ ಒಂದು ಗುಂಪಿನಲ್ಲಿ, ಕಲಿಸುವುದು ಗಣಿತ. ಈ ದೇಶದಲ್ಲಿ ಸುಮಾರು 1,200 ದ್ವೀಪಗಳಿದ್ದರೂ ಜನ ವಾಸ ಮಾಡುವ ದ್ವೀಪಗಳು 200ಕ್ಕಿಂತ ಕಡಿಮೆ. ನೆಲವೆಲ್ಲ ಹವಳದ ಮರಳು, ಭತ್ತ ಬೆಳೆಯುವ ಮಾತೇ ಇಲ್ಲ. ಅಕ್ಕಿ, ಹಿಟ್ಟು, ಸಕ್ಕರೆ ಹಡಗಿನಲ್ಲೇ ಬರಬೇಕು. 2024-25ಕ್ಕೆ ಭಾರತ ಇಲ್ಲಿಗೆ ಕಳಿಸಲು ಒಪ್ಪಿದ್ದ ಈರುಳ್ಳಿಯೇ 35,749 ಟನ್. ಅದು ಮಾಲೆಗೆ ಬಂದು, ಅಲ್ಲಿಂದ ದೋಣಿ ಹತ್ತಿ ನಮ್ಮ ದ್ವೀಪಕ್ಕೆ ಬರುತ್ತದೆ. ಮೇ ತಿಂಗಳಿಂದ ಇಲ್ಲಿಯೂ ನೈಋತ್ಯ ಮಳೆಗಾಲ. ಕಡಲು ಕೆಟ್ಟರೆ ದೋಣಿ ತಡ, ಅಂಗಡಿ ಖಾಲಿ.

ಹಾಗಾಗಿ ದೋಣಿಯನ್ನೇ ನಂಬಿ ಅಡುಗೆ ಮಾಡುವುದನ್ನು ಬಿಟ್ಟು, ದ್ವೀಪದಲ್ಲೇ ಸಿಗುವುದರಿಂದ ನಮ್ಮ ಊರಿನ ಅಡುಗೆ ಮಾಡುವ ಅಭ್ಯಾಸ ಮಾಡಿಕೊಂಡೆ. ನಾನು ಉಡುಪಿ ಕಡೆಯವಳು, ಆದ್ದರಿಂದ ಇದು ಕಷ್ಟವಾಗಲಿಲ್ಲ. ತೆಂಗು, ನುಗ್ಗೆಸೊಪ್ಪು, ಕರಿಬೇವು, ಬಿಂಬುಳಿ ಎಂಬ ಹುಳಿಕಾಯಿ, ಜೀಗುಜ್ಜೆ (ಬ್ರೆಡ್‌ಫ್ರೂಟ್) ಎಲ್ಲವೂ ಇಲ್ಲಿನ ಹಿತ್ತಲುಗಳಲ್ಲಿವೆ. ಜೀಗುಜ್ಜೆಯನ್ನು ಇವರು ತೆಳ್ಳಗೆ ಹೆಚ್ಚಿ ಎಣ್ಣೆಯಲ್ಲಿ ಕರಿದು ಡಬ್ಬಿಗೆ ತುಂಬುತ್ತಾರೆ. ನಾನು ಪೋಡಿ, ಅಂದರೆ ಬಜ್ಜಿ ಮಾಡುತ್ತೇನೆ, ಹುಳಿಗೂ ಹಾಕುತ್ತೇನೆ. ಪಕ್ಕದ ಮನೆಯ ಅಕ್ಕ, ಇಲ್ಲಿನವರು ಕರೆಯುವ ಹಾಗೆ ನಾನೂ ಅವರನ್ನು ಧತ್ತ ಅನ್ನುತ್ತೇನೆ, ಗೋಡೆಯ ಆಚೆಯಿಂದ "ಮಿಸ್" ಅಂತ ಕರೆದು ಜೀಗುಜ್ಜೆ ಕೊಟ್ಟರೆ, ನನ್ನ ಕಡೆಯಿಂದ ಬಿಸಿ ಪೋಡಿ ಹೋಗುತ್ತದೆ.

ಮಸ್ ಹುನಿ ಮಾಡುವುದನ್ನು ಕಲಿತದ್ದು ಅವರ ಅಡುಗೆಮನೆಯಲ್ಲೇ. ಇದು ಇಲ್ಲಿನವರ ಬೆಳಗಿನ ತಿಂಡಿ. ಕುಳಿತು ಕಾಯಿ ತುರಿಯುವ ಮಣೆ ನಮ್ಮ ತುರಿಮಣೆಯದೇ ಜಾತಿ. ಸಣ್ಣಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸಿಗೆ ಉಪ್ಪು, ಲಿಂಬೆರಸ ಹಾಕಿ ಮೊದಲು ಕೈಯಲ್ಲಿ ಚೆನ್ನಾಗಿ ಕಿವುಚಬೇಕು. ಈರುಳ್ಳಿ ಮೆತ್ತಗಾಗಿ ನೀರು ಬಿಟ್ಟ ಮೇಲೆ ಬೇಯಿಸಿದ ಟ್ಯೂನಾ ಪುಡಿ ಮಾಡಿ ಬೆರೆಸುವುದು. ತೆಂಗಿನತುರಿ ಎಲ್ಲಕ್ಕಿಂತ ಕೊನೆಗೆ, ಅದನ್ನು ಬೆರಳ ತುದಿಯಲ್ಲಿ ಹಗುರವಾಗಿ ಕಲಸಿದರೆ ಸಾಕು. ಜೊತೆಗೆ ರೋಶಿ, ಅಂದರೆ ಬಿಸಿನೀರಿನಲ್ಲಿ ಕಲಸಿದ ಹಿಟ್ಟಿನ ತೆಳು ಚಪಾತಿ, ಮತ್ತು ಹಾಲಿಲ್ಲದ ಚಹಾ. ಇಲ್ಲಿನ ಮೆಣಸು ಗುಂಡಗೆ, ಘಮ ಬಹಳ, ಖಾರ ಅದಕ್ಕಿಂತಲೂ ಹೆಚ್ಚು. ಒಂದು ಮನೆಗೆ ಅರ್ಧ ಮೆಣಸು ಸಾಲುತ್ತದೆ.

ಮೀನಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಬಂಗುಡೆ, ಬೂತಾಯಿ ತಿಂದು ಬೆಳೆದ ನಮಗೆ ಟ್ಯೂನಾ ಬೇರೆಯೇ ಮೀನು. ಇಲ್ಲಿ ಅದನ್ನು ಬಲೆಯಲ್ಲಿ ಹಿಡಿಯುವುದಿಲ್ಲ, ಗಳಕ್ಕೆ ಕಟ್ಟಿದ ಗಾಳದಲ್ಲಿ ಒಂದೊಂದಾಗಿ ಎತ್ತುತ್ತಾರೆ. ಜೆಟ್ಟಿಯಲ್ಲೇ ಕೊಯ್ದು ಕೊಡುತ್ತಾರೆ. ಕೊಂಡ ಮೇಲೆ ನೇರ ಮನೆಗೆ ಬಂದು ಫ್ರಿಜ್‌ಗೆ ಇಡಿ. ಈ ಸೆಕೆಯಲ್ಲಿ ಹೊರಗೆ ಬಿಟ್ಟ ಟ್ಯೂನಾದಲ್ಲಿ ಹಿಸ್ಟಮಿನ್ ಎಂಬ ರಾಸಾಯನಿಕ ಸೇರಿಕೊಳ್ಳುತ್ತದೆ. ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ, ಮುಖ ಕೆಂಪಾಗಿ ಮೈ ತುರಿಸುತ್ತದೆ. ನಡುವಿನ ಕಪ್ಪು ಮಾಂಸದ ಪಟ್ಟಿಯನ್ನು ತೆಗೆದರೆ ನೆತ್ತರ ವಾಸನೆ ಕಡಿಮೆಯಾಗುತ್ತದೆ. ಗಸಿಗೆ ಬ್ಯಾಡಗಿ ಮೆಣಸು, ಕೊತ್ತಂಬರಿ, ಬೆಳ್ಳುಳ್ಳಿ, ಕಾಯಿ ನುಣ್ಣಗೆ ರುಬ್ಬಿ, ಹುಣಸೆಯ ಬದಲು ಬಿಂಬುಳಿ ಹಾಕಿ ಮೊದಲು ಮಸಾಲೆಯನ್ನೇ ಚೆನ್ನಾಗಿ ಕುದಿಸುತ್ತೇನೆ. ಹೋಳು ಹಾಕಿ ಎರಡು ಕುದಿ ಬಂದರೆ ಒಲೆ ಆರಿಸಬೇಕು. ಹೆಚ್ಚು ಬೆಂದರೆ ಟ್ಯೂನಾ ಗಟ್ಟಿಯಾಗಿ ನಾರುನಾರಾಗುತ್ತದೆ. ಇಲ್ಲಿನವರ "ಗರುಧಿಯ" ಎಂಬ ಮೀನಿನ ಸಾರು ಇನ್ನೂ ಸರಳ: ನೀರು, ಉಪ್ಪು, ಮೀನು, ಮೇಲೆ ಬರುವ ನೊರೆ ತೆಗೆಯುವ ತಾಳ್ಮೆ. ಅನ್ನಕ್ಕೆ ಆ ತಿಳಿ ಸಾರು ಹಾಕಿ ಲಿಂಬೆ ಹಿಂಡಿ ಉಂಡರೆ ಜ್ವರ ಬಿಟ್ಟ ಬಾಯಿಗೂ ರುಚಿ ಹತ್ತುತ್ತದೆ. ಇದೇ ಸಾರನ್ನು ಗಂಟೆಗಟ್ಟಲೆ ಬತ್ತಿಸಿದರೆ ರಿಹಾಕುರು ಎಂಬ ಕಂದು ಬಣ್ಣದ ಗಟ್ಟಿ ಪಾಕವಾಗುತ್ತದೆ, ತಿಂಗಳುಗಟ್ಟಲೆ ಕೆಡುವುದಿಲ್ಲ. ಅದರ ಕಟು ರುಚಿ ನನಗೆ ಈಗ ಬಹಳ ಇಷ್ಟ.

ಸಸ್ಯಾಹಾರಿಗಳು ಎಚ್ಚರವಾಗಿರಿ, ಸಂಜೆಯ ಕರಿದ ತಿಂಡಿಗಳ ಒಳಗೂ ಹೆಚ್ಚಾಗಿ ಮೀನೇ ಇರುತ್ತದೆ. ಕೇಳಿಯೇ ತಿನ್ನಿ.

ಬಾವಿ ನೀರು ಉಪ್ಪು, ಗಡಸು. ಅದರಲ್ಲಿ ಬೇಳೆ ಬೇಯುವುದಿಲ್ಲ. ಟ್ಯಾಂಕಿನಲ್ಲಿ ಹಿಡಿದ ಮಳೆನೀರನ್ನು ಬೇಳೆಗೆ, ಚಹಾಕ್ಕೆ ಅಂತಲೇ ಎತ್ತಿಡುತ್ತೇನೆ. ದೋಸೆಹಿಟ್ಟು ಇಲ್ಲಿನ ಸೆಕೆಗೆ ಬೇಗ ಹುದುಗುತ್ತದೆ. ರಾತ್ರಿ ಊಟ ಮುಗಿದ ಮೇಲೆ ರುಬ್ಬಿದರೆ ಬೆಳಿಗ್ಗೆ ಏಳುವ ಹೊತ್ತಿಗೆ ಸರಿಯಾಗಿರುತ್ತದೆ, ಸಂಜೆಯೇ ರುಬ್ಬಿದರೆ ಹುಳಿ. ರವೆ, ಉದ್ದಿನಬೇಳೆ ಫ್ರಿಜ್‌ನಲ್ಲಿದ್ದರಷ್ಟೇ ಹುಳ ಹಿಡಿಯುವುದಿಲ್ಲ.

ಅಂಗಡಿಗಳು ನಮಾಜಿನ ಹೊತ್ತಿಗೆ ಬಾಗಿಲು ಹಾಕುತ್ತವೆ. ವಾರದ ರಜೆ ಶುಕ್ರವಾರ, ಶನಿವಾರ. ಶುಕ್ರವಾರದ ಸಾಮಾನನ್ನು ಗುರುವಾರವೇ ತಂದಿಡುವುದು ವಾಸಿ. ರಂಜಾನಿನಲ್ಲಿ ಹಗಲು ಹೋಟೆಲು ಇರುವುದಿಲ್ಲ. ನಾವೂ ಊಟವನ್ನು ಮನೆಯೊಳಗೇ ಮುಗಿಸುತ್ತೇವೆ, ಯಾರೆದುರಿಗೂ ನೀರು ಸಹ ಕುಡಿಯುವುದಿಲ್ಲ. ಯಾರೂ ಬಲವಂತ ಮಾಡಿ ಹೇಳಿದ್ದಲ್ಲ, ಹಸಿದು ಕೆಲಸ ಮಾಡುವವರ ನಡುವೆ ಅಷ್ಟು ಮರ್ಯಾದೆ ಬೇಕು. ಸಂಜೆ ಉಪವಾಸ ಬಿಡುವ ಹೊತ್ತಿಗೆ ಧತ್ತ ಕಳಿಸುವ ತಟ್ಟೆಯಲ್ಲಿ ನಮ್ಮ ರಾತ್ರಿ ಊಟವೂ ಆಗಿಹೋಗುತ್ತದೆ.

ಊರಿಂದ ಬರುವವರು ಪೆಟ್ಟಿಗೆಯಲ್ಲಿ ಉದ್ದಿನಬೇಳೆ, ಬ್ಯಾಡಗಿ ಮೆಣಸು, ಇಂಗು, ಮೆಂತ್ಯ, ಸ್ವಲ್ಪ ಕುಚಲಕ್ಕಿ ತನ್ನಿ. ಸಣ್ಣ ಮಿಕ್ಸಿ ಇದ್ದರೆ ಇನ್ನೂ ಒಳ್ಳೆಯದು. ಮದ್ಯ, ಹಂದಿಮಾಂಸ, ಪೂಜೆಯ ವಿಗ್ರಹ ಈ ದೇಶದೊಳಗೆ ತರುವಂತಿಲ್ಲ, ಕಸ್ಟಮ್ಸ್‌ನಲ್ಲಿ ತಡೆಯುತ್ತಾರೆ. ತೆಂಗಿನಕಾಯಿ, ಕರಿಬೇವಿಗೆ ಜಾಗ ಕೊಡಬೇಡಿ, ಆ ತೂಕದಲ್ಲಿ ಇನ್ನೊಂದು ಕಿಲೋ ಉದ್ದು ಹಿಡಿಯುತ್ತದೆ.